ಇಟ್ಟ ಫೈಲು ಇಟ್ಟಲ್ಲೇ ಇರುತ್ತದೆಯೇ?

ಮದುವೆಯ ಫೋಟೋಗಳನ್ನು ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಹಾಕಿಟ್ಟಿದ್ದೇವೆ ಎಂದುಕೊಳ್ಳೋಣ. ಎರಡು ವರ್ಷ ಬಿಟ್ಟು ತೆರೆದರೂ ಅವು ಅದೇ ಫೋಲ್ಡರಿನಲ್ಲಿ, ಅದೇ ಹೆಸರಿನಲ್ಲಿ ಕಾಣುತ್ತವೆ. ಬೀರುವಿನಲ್ಲಿಟ್ಟ ಆಲ್ಬಮ್ಮಿನಂತೆ ಅವು ಇಟ್ಟ ಜಾಗದಲ್ಲೇ ಕದಲದೆ ಕೂತಿವೆ ಎಂದು ನಾವು ನಂಬುವುದು ಸಹಜ. ಆದರೆ ಕದಲದೆ ಇರುವುದು ಫೋಲ್ಡರಿನ ಹೆಸರು ಮಾತ್ರ. ಆ ಹೆಸರಿನ ಹಿಂದಿರುವ ನಿಜವಾದ ಮಾಹಿತಿ ಈ ಎರಡು ವರ್ಷಗಳಲ್ಲಿ ನಮಗೆ ಗೊತ್ತಿಲ್ಲದಂತೆ ಹಲವು ಸಲ ಮನೆ ಬದಲಿಸಿರಬಹುದು.

ಹೀಗೆ ಜಾಗ ಬದಲಿಸುವವರು ಯಾರು? ಶೇಖರಣಾ ವ್ಯವಸ್ಥೆಯೇ. ಯಾವ ಮಾಹಿತಿಯನ್ನು ನಾವು ಪದೇಪದೇ ಕೇಳುತ್ತೇವೆ, ಯಾವುದನ್ನು ಮರೆತೇ ಬಿಟ್ಟಿದ್ದೇವೆ, ಯಾವುದನ್ನು ಬರೆಯುತ್ತಲೇ ಇರುತ್ತೇವೆ ಎಂದು ಅದು ಗಮನಿಸುತ್ತದೆ. ಗಮನಿಸಿದ್ದಕ್ಕೆ ತಕ್ಕಂತೆ ಸಾಮಾನನ್ನು ಸ್ಥಳಾಂತರಿಸುತ್ತದೆ. ದೊಡ್ಡ ಡೇಟಾ ಸೆಂಟರುಗಳಿಂದ ಹಿಡಿದು ನಮ್ಮ ಜೇಬಿನ ಫೋನಿನವರೆಗೆ ಇದು ನಡೆಯುತ್ತಿದೆ. ಈ ವಿಷಯ ತಿಳಿಯದೆ ನಾವು ಮಾಡುವ ಕೆಲವು ಕೆಲಸಗಳು ಬರೀ ವ್ಯರ್ಥ, ಕೆಲವು ಹಾನಿಕರ. "ತಿಂಗಳಿಗೊಮ್ಮೆ ಡಿಫ್ರಾಗ್ ಮಾಡಿ, ಕಂಪ್ಯೂಟರ್ ವೇಗವಾಗುತ್ತದೆ" ಎಂಬ ಹಳೆಯ ಸಲಹೆ ಅಂಥವುಗಳಲ್ಲಿ ಒಂದು.

ಜಾಗಕ್ಕೆ ಯಾಕಿಷ್ಟು ಬೆಲೆ?

ಅಡುಗೆಮನೆಯಲ್ಲಿ ಒಗ್ಗರಣೆ ಡಬ್ಬಿ ಒಲೆಯ ಪಕ್ಕದಲ್ಲೇ ಇರುತ್ತದೆ. ಹಬ್ಬಕ್ಕೆ ಮಾತ್ರ ಬೇಕಾಗುವ ದೊಡ್ಡ ಬಾಣಲೆ ಅಟ್ಟದ ಮೇಲಿರುತ್ತದೆ. ಯಾರೂ ಕೂತು ಪಟ್ಟಿ ಮಾಡಿ ಇದನ್ನು ನಿರ್ಧರಿಸಿದ್ದಲ್ಲ. ಬಳಸುತ್ತ ಬಳಸುತ್ತ ಹಾಗಾಯಿತು. ಕೈಗೆ ಸಿಗುವ ಜಾಗ ಕಡಿಮೆ, ಅಟ್ಟದ ಜಾಗ ಧಾರಾಳ ಎಂಬ ಒಂದೇ ಕಾರಣ ಸಾಕು.

ಕಂಪ್ಯೂಟರಿನಲ್ಲೂ ಇದೇ ಕಷ್ಟ, ಆದರೆ ಅಂತರ ಬಹಳ ದೊಡ್ಡದು. ಮುಖ್ಯ ಮೆಮೊರಿಯಿಂದ, ಅಂದರೆ ರ್‍ಯಾಮ್‌ನಿಂದ, ಒಂದು ಚೂರು ಮಾಹಿತಿ ತರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಎಸ್‌ಎಸ್‌ಡಿಯಿಂದ ತರಲು ಸುಮಾರು 100 ಮೈಕ್ರೊಸೆಕೆಂಡ್ ಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಾದರೆ ಓದುವ ಕೈ ಸರಿಯಾದ ಪಥಕ್ಕೆ ಸರಿಯಬೇಕು, ಬೇಕಾದ ಭಾಗ ತಿರುಗಿ ಅದರ ಕೆಳಗೆ ಬರಬೇಕು. ಅರ್ಧ ಸುತ್ತಿಗೇ 4 ಮಿಲಿಸೆಕೆಂಡಿಗೂ ಹೆಚ್ಚು. ಕೈ ಸರಿಯುವುದೂ ಸೇರಿ ಹತ್ತು ಹನ್ನೆರಡು ಮಿಲಿಸೆಕೆಂಡ್ ಆಗುತ್ತದೆ. ಈ ಸಂಖ್ಯೆಗಳು ಮನಸ್ಸಿಗೆ ಹತ್ತುವಂತೆ ಹಿಗ್ಗಿಸಿ ನೋಡೋಣ: ರ್‍ಯಾಮ್‌ನಿಂದ ತರಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೆ ಎಸ್‌ಎಸ್‌ಡಿಗೆ ಹದಿನೇಳು ನಿಮಿಷ, ಹಾರ್ಡ್ ಡಿಸ್ಕಿಗೆ ಒಂದು ದಿನಕ್ಕೂ ಮೇಲೆ. ಒಗ್ಗರಣೆಗೆ ಸಾಸಿವೆ ಬೇಕೆಂದಾಗ ಕೈ ಚಾಚುವುದಕ್ಕೂ ಪಕ್ಕದ ಜಿಲ್ಲೆಗೆ ಹೋಗಿ ತರುವುದಕ್ಕೂ ಇರುವ ವ್ಯತ್ಯಾಸ ಇದು.

ಬೆಲೆಯ ಲೆಕ್ಕ ಇದಕ್ಕೆ ಸರಿಯಾಗಿ ತಿರುವುಮುರುವು. ವೇಗದ್ದು ದುಬಾರಿ, ನಿಧಾನದ್ದು ಅಗ್ಗ. ಆದ್ದರಿಂದ ಎಲ್ಲ ವ್ಯವಸ್ಥೆಗಳಲ್ಲೂ ಸ್ವಲ್ಪ ವೇಗದ ಜಾಗ, ತುಂಬ ನಿಧಾನದ ಜಾಗ ಇರುತ್ತದೆ. ಅದೃಷ್ಟಕ್ಕೆ, ನಮ್ಮ ಬಳಕೆಯೂ ಸಮಾನವಾಗಿ ಹಂಚಿರುವುದಿಲ್ಲ. ಇರುವ ಸಾವಿರಾರು ಫೈಲುಗಳಲ್ಲಿ ಇಂದು ಮುಟ್ಟುವುದು ಕೆಲವನ್ನೇ. ಆ ಕೆಲವನ್ನು ಸರಿಯಾಗಿ ಊಹಿಸಿ ವೇಗದ ಜಾಗದಲ್ಲಿಟ್ಟರೆ ಇಡೀ ವ್ಯವಸ್ಥೆಯೇ ವೇಗದ್ದು ಎಂಬ ಭಾವನೆ ಬರುತ್ತದೆ. ಊಹೆ ತಪ್ಪಿದರೆ ಬಣ್ಣ ಬಯಲಾಗುತ್ತದೆ.

ಅರವತ್ತು ವರ್ಷದ ಹಿಂದಿನ ಕಲಿಕೆ

ಇದನ್ನು ಯಂತ್ರಕ್ಕೇ ವಹಿಸುವ ಯೋಚನೆ ಇತ್ತೀಚಿನದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಅವರ ತಂಡ ಫೆರಾಂಟಿ ಕಂಪನಿಯ ಜೊತೆಗೂಡಿ ಕಟ್ಟಿದ ಅಟ್ಲಾಸ್ ಕಂಪ್ಯೂಟರ್ 1962ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ವೇಗದ ಮೆಮೊರಿಯ ಗಾತ್ರ ಇಂದಿನ ಲೆಕ್ಕದಲ್ಲಿ 96 ಕಿಲೋಬೈಟ್. ಬೆಳಿಗ್ಗೆ ಎದ್ದ ಕೂಡಲೇ ವಾಟ್ಸಾಪ್‌ಗೆ ಬಂದು ಬೀಳುವ ಶುಭೋದಯದ ಚಿತ್ರವೂ ಅದರಲ್ಲಿ ಹಿಡಿಯಲಿಕ್ಕಿಲ್ಲ. ಅದರ ಆರರಷ್ಟು ಜಾಗ ತಿರುಗುವ ಕಾಂತೀಯ ಡ್ರಮ್ಮಿನ ಮೇಲಿತ್ತು. ಅಲ್ಲಿಯವರೆಗೆ ಯಾವುದು ಮೆಮೊರಿಯಲ್ಲಿರಬೇಕು, ಯಾವುದು ಡ್ರಮ್ಮಿನಲ್ಲಿರಬೇಕು ಎಂದು ಪ್ರೋಗ್ರಾಂ ಬರೆಯುವವರೇ ಯೋಚಿಸಿ ಸಾಗಿಸಬೇಕಿತ್ತು. ಅಟ್ಲಾಸ್ ಆ ತಲೆನೋವನ್ನು ತಾನೇ ತೆಗೆದುಕೊಂಡಿತು. ಪ್ರೋಗ್ರಾಂ ಬರೆಯುವವರಿಗೆ ಎಲ್ಲವೂ ಒಂದೇ ದೊಡ್ಡ ಮೆಮೊರಿಯಂತೆ ಕಾಣುತ್ತಿತ್ತು.

ಮೆಮೊರಿ ತುಂಬಿದಾಗ ಯಾವ ಪುಟವನ್ನು ಹೊರಗೆ ಕಳಿಸಬೇಕು ಎಂದು ತೀರ್ಮಾನಿಸುವ ಭಾಗವನ್ನು ಅವರು 'ಕಲಿಯುವ ಪ್ರೋಗ್ರಾಂ' ಎಂದೇ ಕರೆದರು. ಅದರ ತರ್ಕ ಸರಳ. ಪ್ರತಿ ಪುಟವೂ ಎಷ್ಟು ಹೊತ್ತಿನಿಂದ ಸುಮ್ಮನಿದೆ, ಹಿಂದಿನ ಸಲ ಎಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಕೆಲಸಕ್ಕೆ ಬಂದಿತ್ತು ಎಂಬ ಎರಡು ಲೆಕ್ಕ ಇಟ್ಟುಕೊಳ್ಳುವುದು. ಹಿಂದಿನ ಬಿಡುವಿಗಿಂತ ಈಗಿನ ಬಿಡುವು ಹೆಚ್ಚಾಗಿದ್ದರೆ, ಪ್ರೋಗ್ರಾಮಿಗೆ ಆ ಪುಟದ ಹಂಗು ತೀರಿದೆ ಎಂದರ್ಥ, ಅದನ್ನು ಕಳಿಸಬಹುದು. ಅಂಥದ್ದು ಯಾವುದೂ ಸಿಗದಿದ್ದರೆ, ಹಳೆಯ ಲಯದ ಪ್ರಕಾರ ಯಾವುದರ ಸರದಿ ಎಲ್ಲಕ್ಕಿಂತ ತಡವಾಗಿ ಬರುತ್ತದೋ ಅದನ್ನು ಕಳಿಸುವುದು. ಆಗಾಗ ಬಂದು ಹೋಗುವ ಬಾಡಿಗೆದಾರರ ದಿನಚರಿ ನೋಡಿ ಕೋಣೆ ಹಂಚುವ ಲಾಡ್ಜಿನ ಮ್ಯಾನೇಜರನ ಬುದ್ಧಿ ಇದು. ಮುಂದೆ ಬಂದ ಬಹುತೇಕ ವಿಧಾನಗಳ ಬೀಜ ಇದರಲ್ಲಿದೆ: ನಾಳೆಯನ್ನು ನೋಡಲಾಗದು, ಆದ್ದರಿಂದ ನಿನ್ನೆಯನ್ನು ನೋಡಿ ಊಹಿಸು.

ನಾಳೆಯನ್ನು ನೋಡಲು ಸಾಧ್ಯವಾಗಿದ್ದರೆ? 1966ರಲ್ಲಿ ಐಬಿಎಂನ ಲಾಸ್ಲೋ ಬೆಲಾಡಿ ಅದನ್ನೂ ಲೆಕ್ಕ ಹಾಕಿದರು. ಮತ್ತೆ ಬೇಕಾಗಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಇರುವುದನ್ನು ಹೊರಹಾಕುವುದೇ ಅತ್ಯುತ್ತಮ. ಭವಿಷ್ಯ ತಿಳಿದಿರಬೇಕಾದ್ದರಿಂದ ಇದನ್ನು ನೇರವಾಗಿ ಬಳಸಲಾಗದು. ಆದರೆ ಒಂದು ವಿಧಾನ ಎಷ್ಟು ಚೆನ್ನಾಗಿದೆ ಎಂದು ಅಳೆಯಲು ಇಂದಿಗೂ ಇದೇ ಅಳತೆಗೋಲು.

ಇಲ್ಲವೆಂದು ಕಳಿಸಿದ ಗಿರಾಕಿಗಳ ಪಟ್ಟಿ

ಬಹಳ ಕಾಲ ಎಲ್ಲರೂ ನೆಚ್ಚಿಕೊಂಡಿದ್ದ ವಿಧಾನ ಒಂದೇ: ಎಲ್ಲಕ್ಕಿಂತ ಹೆಚ್ಚು ಹೊತ್ತಿನಿಂದ ಮುಟ್ಟದೆ ಬಿಟ್ಟದ್ದನ್ನು ಮೊದಲು ಹೊರಹಾಕು. ಹೆಚ್ಚಿನ ಸಂದರ್ಭಗಳಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಇದಕ್ಕೊಂದು ಕೆಟ್ಟ ದೌರ್ಬಲ್ಯವಿದೆ. ರಾತ್ರಿ ಬ್ಯಾಕಪ್ ಪ್ರೋಗ್ರಾಂ ಓಡಿತು ಎನ್ನಿ. ಅದು ಪ್ರತಿ ಫೈಲನ್ನೂ ಒಂದೇ ಒಂದು ಸಲ ಓದುತ್ತದೆ. 'ಈಗ ತಾನೇ ಮುಟ್ಟಿದ್ದು' ಎಂಬ ಒಂದೇ ಅರ್ಹತೆಯಿಂದ ಅವೆಲ್ಲ ವೇಗದ ಜಾಗಕ್ಕೆ ನುಗ್ಗಿ, ಹಗಲಿಡೀ ದುಡಿಯುವ ಮಾಹಿತಿಯನ್ನು ಹೊರದಬ್ಬುತ್ತವೆ. ಬೆಳಿಗ್ಗೆ ಕಚೇರಿಗೆ ಬಂದವರಿಗೆ ಎಲ್ಲವೂ ನಿಧಾನ. ಮನೆಗೆ ಸುಣ್ಣ ಹೊಡೆಸಲು ಅಟ್ಟದಿಂದ ಇಳಿಸಿದ ಸಾಮಾನೆಲ್ಲ ಒಲೆಯ ಸುತ್ತ ಕೂತು, ಒಗ್ಗರಣೆ ಡಬ್ಬಿ ಅಟ್ಟ ಸೇರಿದ ಹಾಗೆ.

ಹಾಗಾದರೆ ಎಷ್ಟು ಸಲ ಬಳಸಿದೆವು ಎಂಬುದನ್ನು ಎಣಿಸಿದರಾಯಿತಲ್ಲ? ಅದರಲ್ಲೂ ತೊಡಕಿದೆ. ಹೋದ ತಿಂಗಳು ಸಾವಿರ ಸಲ ಓದಿದ ವರದಿ ಈ ತಿಂಗಳು ಯಾರಿಗೂ ಬೇಡವಾದರೂ ಹಳೆಯ ಅಂಕದ ಬಲದಿಂದ ಕುರ್ಚಿ ಬಿಡುವುದಿಲ್ಲ. ಇತ್ತೀಚೆಗೆ ಬಳಸಿದ್ದಕ್ಕೆ ಮಹತ್ವ ಕೊಡಬೇಕೋ, ಹೆಚ್ಚು ಸಲ ಬಳಸಿದ್ದಕ್ಕೋ? ಉತ್ತರ ಕೆಲಸದಿಂದ ಕೆಲಸಕ್ಕೆ, ಕೆಲವೊಮ್ಮೆ ಬೆಳಿಗ್ಗೆಯಿಂದ ಸಂಜೆಗೆ ಬದಲಾಗುತ್ತದೆ. ಎರಡರ ಪ್ರಮಾಣವನ್ನು ಯಾರಾದರೂ ಕೈಯಿಂದ ತಿರುಪು ತಿರುಗಿಸಿ ಹೊಂದಿಸಬೇಕಾಗಿತ್ತು. ತಿರುಗಿಸುವವರಿಗೂ ಸರಿಯಾದ ಪ್ರಮಾಣ ಗೊತ್ತಿರುತ್ತಿರಲಿಲ್ಲ.

2003ರಲ್ಲಿ ಐಬಿಎಂನ ಆಲ್ಮಡೆನ್ ಸಂಶೋಧನಾ ಕೇಂದ್ರದ ನಿಮ್ರೋದ್ ಮೆಗಿಡ್ಡೊ ಮತ್ತು ಧರ್ಮೇಂದ್ರ ಮೋಧಾ ಪ್ರಕಟಿಸಿದ 'ಆರ್ಕ್' ಎಂಬ ವಿಧಾನ ಈ ತಿರುಪನ್ನೇ ತೆಗೆದುಹಾಕಿತು. ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಕ್ಷೇತ್ರದ ಅತ್ಯಂತ ಚಂದದ ಉಪಾಯಗಳಲ್ಲಿ ಇದೂ ಒಂದು. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಒಬ್ಬ ದಿನಸಿ ಅಂಗಡಿಯವರನ್ನು ಕಲ್ಪಿಸಿಕೊಳ್ಳಿ. ಅವರ ಕಪಾಟಿನಲ್ಲಿ ಎರಡು ಭಾಗ. ಒಂದರಲ್ಲಿ ಇತ್ತೀಚೆಗೆ ಮೊದಲ ಸಲ ಯಾರೋ ಕೇಳಿದರೆಂದು ತರಿಸಿದ ಹೊಸ ಸಾಮಾನು. ಇನ್ನೊಂದರಲ್ಲಿ ಎರಡು ಅಥವಾ ಹೆಚ್ಚು ಸಲ ಮಾರಾಟವಾದ ಖಾಯಂ ಸಾಮಾನು. ಕಪಾಟು ತುಂಬಿದಾಗ ಯಾವುದಾದರೂ ಒಂದು ಭಾಗದಿಂದ ಸಾಮಾನು ತೆಗೆಯಬೇಕು. ಬುದ್ಧಿವಂತಿಕೆ ಇರುವುದು ಮುಂದಿನ ಹೆಜ್ಜೆಯಲ್ಲಿ: ತೆಗೆದ ಸಾಮಾನಿನ ಹೆಸರನ್ನು ಮಾತ್ರ ಅವರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಹೊಸದರ ಭಾಗದಿಂದ ತೆಗೆದದ್ದಕ್ಕೆ ಒಂದು ಚೀಟಿ, ಖಾಯಂ ಭಾಗದಿಂದ ತೆಗೆದದ್ದಕ್ಕೆ ಇನ್ನೊಂದು. ಯಾರಾದರೂ ಬಂದು ಮೊದಲ ಚೀಟಿಯಲ್ಲಿರುವ ಸಾಮಾನನ್ನು ಕೇಳಿದರೆ, 'ಅಯ್ಯೋ, ಹೊಸದಕ್ಕೆ ಇನ್ನಷ್ಟು ಜಾಗ ಕೊಟ್ಟಿದ್ದರೆ ಇದು ಈಗ ಇಲ್ಲೇ ಇರುತ್ತಿತ್ತು' ಎಂದು ಗೊತ್ತಾಗುತ್ತದೆ. ಹೊಸದರ ಪಾಲನ್ನು ಸ್ವಲ್ಪ ಹಿಗ್ಗಿಸುತ್ತಾರೆ. ಎರಡನೆಯ ಚೀಟಿಯಲ್ಲಿರುವುದನ್ನು ಕೇಳಿದರೆ ಖಾಯಂ ಸಾಮಾನಿನ ಪಾಲು ಹಿಗ್ಗುತ್ತದೆ.

ಅಷ್ಟೇ. ಆರ್ಕ್ ಮಾಡುವುದೂ ಇದನ್ನೇ. ತಾನು ಈಗಷ್ಟೇ ಬಿಟ್ಟುಕೊಟ್ಟ ಮಾಹಿತಿಯ ಹೆಸರುಗಳನ್ನು ಮಾತ್ರ ನೆನಪಿಟ್ಟುಕೊಂಡು, ತನ್ನ ತಪ್ಪು ಯಾವ ಕಡೆಗೆ ವಾಲಿತ್ತು ಎಂದು ಪ್ರತಿ ಸಲವೂ ಅಳೆಯುತ್ತದೆ. ಹೆಸರಿಗೆ ಬೇಕಾದ ಜಾಗ ಸಾಮಾನಿಗೆ ಹೋಲಿಸಿದರೆ ಅತ್ಯಲ್ಪ. ರಾತ್ರಿಯ ಬ್ಯಾಕಪ್ ಬಂದರೆ ಅದು ಓದುವುದೆಲ್ಲ ಹೊಸದರ ಭಾಗದಲ್ಲಿ ಬಂದು ಹಾಗೇ ಹೊರಟುಹೋಗುತ್ತದೆ; ಖಾಯಂ ಭಾಗಕ್ಕೆ ಧಕ್ಕೆಯಾಗುವುದು ಕಡಿಮೆ.

ಈ ಉಪಾಯ ಎಷ್ಟು ಬೇಗ ಹರಡಿತೋ ಅಷ್ಟೇ ಬೇಗ ಒಂದು ಕಾನೂನಿನ ಗಂಟೂ ಬಿತ್ತು. ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ದತ್ತಸಂಚಯ 2005ರ ತನ್ನ 8.0 ಆವೃತ್ತಿಯಲ್ಲಿ ಆರ್ಕ್ ಅನ್ನು ಅಳವಡಿಸಿಕೊಂಡಿತ್ತು. ಐಬಿಎಂ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿರುವುದು ತಿಳಿದಾಗ ಕೆಲವೇ ತಿಂಗಳಲ್ಲಿ 8.0.2 ಆವೃತ್ತಿಯಲ್ಲಿ ಅದನ್ನು ಕಿತ್ತು ಬೇರೊಂದು ವಿಧಾನವನ್ನು ಹಾಕಬೇಕಾಯಿತು. ಇನ್ನೊಂದು ಕಡೆ, ಸನ್ ಕಂಪನಿ ರೂಪಿಸಿದ ಜೆಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಆರ್ಕ್‌ನ ಒಂದು ರೂಪ ಇಂದಿಗೂ ಕೆಲಸ ಮಾಡುತ್ತಿದೆ.

ಖಾಲಿ ಜಾಗವನ್ನೂ ಸುಮ್ಮನೆ ಬಿಡದ ಡಿಸ್ಕುಗಳು

ಇಲ್ಲಿಯವರೆಗೆ ಹೇಳಿದ್ದು ಪ್ರತಿಯನ್ನು ವೇಗದ ಜಾಗದಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಕತೆ. ಮೂಲ ಮಾಹಿತಿಯ ಖಾಯಂ ವಿಳಾಸವನ್ನೇ ಬದಲಿಸುವುದು ಇನ್ನೂ ದೊಡ್ಡ ಕೆಲಸ. ಅದಕ್ಕೆ ಒಳ್ಳೆಯ ಉದಾಹರಣೆ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಪ್ರಯೋಗಾಲಯದಲ್ಲಿ ಜಾನ್ ವಿಲ್ಕ್ಸ್ ಮತ್ತು ಸಂಗಡಿಗರು ರೂಪಿಸಿ 1995ರಲ್ಲಿ ವಿವರಿಸಿದ ಆಟೋರೇಡ್.

ಹಿನ್ನೆಲೆ ಹೀಗಿದೆ. ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯಲಿ ಎಂದು ಹಲವು ಡಿಸ್ಕುಗಳನ್ನು ಒಟ್ಟಿಗೆ ಕಟ್ಟುವ ರೇಡ್ ಪದ್ಧತಿಗೆ 1988ರಲ್ಲಿ ಬರ್ಕ್ಲಿಯ ಸಂಶೋಧಕರು ಹೆಸರು ಮತ್ತು ವರ್ಗೀಕರಣ ಕೊಟ್ಟಿದ್ದರು. ಅದರಲ್ಲಿ ಎರಡು ದಾರಿಗಳು ಹೆಚ್ಚು ಬಳಕೆಯವು. ಒಂದು, ಎಲ್ಲವನ್ನೂ ಎರಡೆರಡು ಡಿಸ್ಕಿನಲ್ಲಿ ಬರೆಯುವ ಕನ್ನಡಿ ಪದ್ಧತಿ: ವೇಗ ಚೆನ್ನ, ಆದರೆ ಅರ್ಧ ಜಾಗ ಖರ್ಚು. ಇನ್ನೊಂದು ರೇಡ್-5: ಒಂದಿಷ್ಟು ಭಾಗಗಳಿಗೆ ಸೇರಿಸಿ ಒಂದೇ ತಾಳೆಪಟ್ಟಿ ಬರೆದಿಡುವುದು. ಜಾಗ ಉಳಿಯುತ್ತದೆ, ಆದರೆ ಒಂದು ಸಣ್ಣ ತಿದ್ದುಪಡಿಗೂ ಹಳೆಯ ಮಾಹಿತಿ ಓದು, ಹಳೆಯ ತಾಳೆಪಟ್ಟಿ ಓದು, ಹೊಸ ಮಾಹಿತಿ ಬರೆ, ಹೊಸ ತಾಳೆಪಟ್ಟಿ ಬರೆ ಎಂದು ನಾಲ್ಕು ಸಲ ಡಿಸ್ಕ್ ಮುಟ್ಟಬೇಕು. ಯಾವುದು ಬೇಕೆಂದು ಕಂಪ್ಯೂಟರ್ ವಿಭಾಗದವರು ಮೊದಲೇ ಆರಿಸಬೇಕಿತ್ತು. ಆಯ್ಕೆ ತಪ್ಪಾಯಿತೆಂದು ಆಮೇಲೆ ತಿಳಿದರೆ ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿ, ಡಿಸ್ಕುಗಳನ್ನು ಹೊಸದಾಗಿ ಸಿದ್ಧಪಡಿಸಿ, ಮತ್ತೆ ತುಂಬಬೇಕು. ಕಂಪನಿಯ ಲೆಕ್ಕಪತ್ರವೆಲ್ಲ ಅದರ ಮೇಲಿರುವಾಗ ಈ ಸಾಹಸಕ್ಕೆ ಯಾರೂ ಖುಷಿಯಿಂದ ಕೈಹಾಕುವುದಿಲ್ಲ.

ಆಟೋರೇಡ್ ಆರಿಸಲು ಹೇಳಲೇ ಇಲ್ಲ. ಪದೇಪದೇ ಬದಲಾಗುವ ಮಾಹಿತಿಯನ್ನು ಅದು ಕನ್ನಡಿ ಪದ್ಧತಿಯಲ್ಲಿ ಇಟ್ಟಿತು, ಸುಮ್ಮನಿರುವುದನ್ನು ರೇಡ್-5ಕ್ಕೆ ಇಳಿಸಿತು. ಸುಮ್ಮನಿದ್ದದ್ದಕ್ಕೆ ಯಾರಾದರೂ ಬರೆದರೆ ಮತ್ತೆ ಮೇಲಕ್ಕೆ. ಡಿಸ್ಕುಗಳು ಹೊಸದಾಗಿ ಖಾಲಿ ಇರುವಾಗ ಎಲ್ಲವೂ ಕನ್ನಡಿಯಲ್ಲೇ ಇರುತ್ತದೆ, ಯಾಕೆಂದರೆ ಖಾಲಿ ಜಾಗವನ್ನು ಸುಮ್ಮನೆ ಬಿಡುವುದು ದಂಡ. ತುಂಬುತ್ತ ಹೋದಂತೆ ತಣ್ಣಗಾದದ್ದನ್ನು ಒತ್ತಾಗಿ ಜೋಡಿಸಿ ಜಾಗ ಮಾಡಿಕೊಳ್ಳುತ್ತದೆ. ಇದೆಲ್ಲ ನಡೆಯುವುದು ಬಹುತೇಕ ಬಿಡುವಿನ ವೇಳೆಯಲ್ಲಿ, ಗಿರಾಕಿ ಇಲ್ಲದ ಮಧ್ಯಾಹ್ನ ಅಂಗಡಿಯವರು ಕಪಾಟು ಓರಣ ಮಾಡುವಂತೆ. ಒಂದು ಷರತ್ತನ್ನು ಅದನ್ನು ರೂಪಿಸಿದವರೇ ಸ್ಪಷ್ಟವಾಗಿ ಹೇಳಿದ್ದರು: ಚಟುವಟಿಕೆಯಲ್ಲಿರುವ ಮಾಹಿತಿ ಯಾವುದೆಂಬುದು ನಿಧಾನವಾಗಿ ಬದಲಾಗುತ್ತಿರಬೇಕು. ಗಂಟೆಗೊಮ್ಮೆ ಎಲ್ಲ ತಲೆಕೆಳಗಾಗುವಂತಿದ್ದರೆ ಸಾಮಾನು ಸಾಗಿಸುವುದರಲ್ಲೇ ಹೊತ್ತು ಹೋಗುತ್ತದೆ.

ಇಂದಿನ ಕ್ಲೌಡ್ ಕಂಪನಿಗಳು ಮಾಡುವುದು ಇದೇ ಕೆಲಸದ ಹಿರಿಯ ಆವೃತ್ತಿ. ಫೇಸ್‌ಬುಕ್‌ನಲ್ಲಿ ಹೊಸ ಫೋಟೋವನ್ನು ಮೊದಮೊದಲು ಎಲ್ಲರೂ ನೋಡುತ್ತಾರೆ, ದಿನ ಕಳೆದಂತೆ ಕೇಳುವವರು ಕಡಿಮೆ. ಅಂಥ ತಣ್ಣಗಾದ ಫೋಟೋಗಳಿಗಾಗಿ ಬೇರೆ ವ್ಯವಸ್ಥೆ ಕಟ್ಟಿಕೊಂಡ ವಿವರವನ್ನು ಆ ಕಂಪನಿ 2014ರಲ್ಲಿ ಪ್ರಕಟಿಸಿತು. ಒಂದು ಬೈಟ್ ಉಳಿಸಲು ಮೊದಲು 3.6 ಬೈಟ್ ಜಾಗ ಬೇಕಿದ್ದದ್ದು 2.1ಕ್ಕೆ ಇಳಿಯಿತು. ಅಮೆಜಾನ್ 2018ರಿಂದ ಕೊಡುತ್ತಿರುವ ಇಂಟೆಲಿಜೆಂಟ್ ಟಿಯರಿಂಗ್ ಸೇವೆಯಲ್ಲಿ 30 ದಿನ ಯಾರೂ ಕೇಳದ ಮಾಹಿತಿ ತಾನಾಗಿ ಅಗ್ಗದ ದರದ ವರ್ಗಕ್ಕೆ ಇಳಿಯುತ್ತದೆ, ಕೇಳಿದ ಕೂಡಲೇ ಮೇಲಕ್ಕೇರುತ್ತದೆ. ಇಲ್ಲಿ ಉಳಿಯುವುದು ಸಮಯಕ್ಕಿಂತ ಹೆಚ್ಚಾಗಿ ದುಡ್ಡು. 128 ಕಿಲೋಬೈಟಿಗಿಂತ ಚಿಕ್ಕ ವಸ್ತುಗಳನ್ನು ಅದು ಹೀಗೆ ಸರಿಸುವುದಿಲ್ಲ ಎಂಬುದನ್ನು ಲಕ್ಷಾಂತರ ಸಣ್ಣ ಫೈಲು ಇಟ್ಟವರು ಗಮನಿಸಬೇಕು.

ನಮ್ಮ ಲ್ಯಾಪ್‌ಟಾಪಿನೊಳಗೆ

ಎಸ್‌ಎಸ್‌ಡಿ ಮತ್ತು ಫೋನಿನ ಮೆಮೊರಿಯ ವಿಷಯಕ್ಕೆ ಬಂದರೆ, ಅಲ್ಲಿ ಸ್ಥಳಾಂತರ ಅನಿವಾರ್ಯ. ಅವುಗಳಲ್ಲಿರುವ ಫ್ಲ್ಯಾಶ್ ಚಿಪ್ಪಿನ ಗುಣವೇ ಹಾಗೆ: ಬರೆಯುವುದು ಕೆಲವು ಕಿಲೋಬೈಟಿನ ಸಣ್ಣ ಪುಟಗಳಲ್ಲಿ, ಅಳಿಸುವುದು ನೂರಾರು ಪುಟಗಳ ದೊಡ್ಡ ಕಟ್ಟುಗಳಲ್ಲಿ. ಬರೆದ ಪುಟದ ಮೇಲೆ ಅಳಿಸದೆ ಮತ್ತೆ ಬರೆಯಲಾಗದು. ಮೇಲಾಗಿ ಪ್ರತಿ ಕಟ್ಟನ್ನೂ ಇಂತಿಷ್ಟು ಸಲ ಮಾತ್ರ ಅಳಿಸಬಹುದು, ಆಮೇಲೆ ಅದು ಸವೆದುಹೋಗುತ್ತದೆ. ಹಾಗಾಗಿ ನಾವು ಒಂದು ಫೈಲಿನಲ್ಲಿ ಒಂದಕ್ಷರ ತಿದ್ದಿ ಉಳಿಸಿದರೆ ಎಸ್‌ಎಸ್‌ಡಿ ಹಳೆಯ ಜಾಗದಲ್ಲಿ ತಿದ್ದುವುದಿಲ್ಲ. ಹೊಸ ಪುಟದಲ್ಲಿ ಬರೆದು, ತನ್ನ ಒಳಗಿನ ವಿಳಾಸದ ಪಟ್ಟಿಯನ್ನು ತಿದ್ದಿ, ಹಳೆಯ ಪುಟಕ್ಕೆ 'ರದ್ದಿ' ಎಂದು ಗುರುತು ಹಾಕುತ್ತದೆ. ರದ್ದಿ ಹೆಚ್ಚಾದ ಕಟ್ಟಿನಲ್ಲಿ ಉಳಿದ ಒಳ್ಳೆಯ ಪುಟಗಳನ್ನು ಬೇರೆಡೆಗೆ ಸಾಗಿಸಿ ಕಟ್ಟನ್ನು ಅಳಿಸುತ್ತದೆ. ಎಲ್ಲ ಕಟ್ಟುಗಳೂ ಸಮನಾಗಿ ಸವೆಯಲಿ ಎಂದು ವರ್ಷಗಟ್ಟಲೆ ಅಲುಗದೆ ಕೂತಿದ್ದ ಮಾಹಿತಿಯನ್ನೂ ಎಬ್ಬಿಸಿ ಕಳಿಸುತ್ತದೆ. ನಮ್ಮ ಮದುವೆ ಫೋಟೋ ಮನೆ ಬದಲಿಸುವುದು ಹೀಗೆ.

ಡಿಫ್ರಾಗ್ ಸಲಹೆಗೆ ಈಗ ಬರೋಣ. ಹಾರ್ಡ್ ಡಿಸ್ಕಿನ ಕಾಲದಲ್ಲಿ ಅದು ಸರಿಯಾದ ಸಲಹೆಯೇ. ಒಂದು ಫೈಲು ಹತ್ತು ಕಡೆ ಚದುರಿದ್ದರೆ ಓದುವ ಕೈ ಹತ್ತು ಕಡೆ ಓಡಬೇಕಿತ್ತು. ಒಟ್ಟುಗೂಡಿಸಿದರೆ ಓಟ ತಪ್ಪುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಓಡುವ ಕೈ ಇಲ್ಲ. ವಿಂಡೋಸ್ 'ಫೈಲು ಒಟ್ಟುಗೂಡಿತು' ಎಂದು ತೋರಿಸಿದರೂ ಚಿಪ್ಪಿನೊಳಗೆ ಅದು ಎಲ್ಲಿದೆ ಎಂದು ವಿಂಡೋಸಿಗೇ ತಿಳಿಯದು. ಲಾಭ ನಗಣ್ಯ, ಬರೆದು ಬರೆದು ಸವೆಸಿದ್ದು ನಿಜ. ಈಗಿನ ವಿಂಡೋಸ್ ತನ್ನಲ್ಲಿರುವುದು ಎಸ್‌ಎಸ್‌ಡಿ ಎಂದು ಗುರುತಿಸಿ, ಅದೇ ಉಪಕರಣದ ಮೂಲಕ ಮುಖ್ಯವಾಗಿ 'ಟ್ರಿಮ್' ಕೆಲಸ ಮಾಡುತ್ತದೆ. ಅಂದರೆ ಯಾವ ಪುಟಗಳು ಇನ್ನು ಬೇಡ ಎಂದು ಎಸ್‌ಎಸ್‌ಡಿಗೆ ತಿಳಿಸುತ್ತದೆ. ಅದನ್ನು ನಿಲ್ಲಿಸುವ ಅಗತ್ಯವಿಲ್ಲ. ಹೊರಗಿನಿಂದ ಡಿಫ್ರಾಗ್ ತಂತ್ರಾಂಶ ತಂದು ಹಾಕುವ ಅಗತ್ಯ ಅದಕ್ಕಿಂತ ಕಡಿಮೆ.

ಇನ್ನೊಂದು ಅನುಭವ ಅನೇಕರಿಗೆ ಆಗಿರಬಹುದು. ದೊಡ್ಡ ವಿಡಿಯೋಗಳನ್ನು ಅಗ್ಗದ ಎಸ್‌ಎಸ್‌ಡಿಗೆ ನಕಲು ಮಾಡುವಾಗ ಮೊದಲು ಸರ್ರನೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಕುಂಟಲು ತೊಡಗುತ್ತದೆ. ಡಿಸ್ಕ್ ಕೆಟ್ಟಿತೆಂದು ಅಂಗಡಿಗೆ ಒಯ್ಯಬೇಕಿಲ್ಲ. ಇಂದಿನ ಚಿಪ್ಪುಗಳಲ್ಲಿ ಒಂದು ಕೋಶದಲ್ಲಿ ಮೂರು ಅಥವಾ ನಾಲ್ಕು ಬಿಟ್ ತುರುಕುತ್ತಾರೆ. ಅಗ್ಗ, ಆದರೆ ಬರೆಯಲು ನಿಧಾನ. ಆದ್ದರಿಂದ ಎಸ್‌ಎಸ್‌ಡಿ ಖಾಲಿ ಕೋಶಗಳಲ್ಲಿ ತಲಾ ಒಂದೇ ಬಿಟ್ ವೇಗವಾಗಿ ಬರೆದುಕೊಂಡು, ಬಿಡುವಾದಾಗ ಅದನ್ನು ಮಡಚಿ ಒತ್ತಾಗಿ ಜೋಡಿಸುತ್ತದೆ. 1995ರ ಆಟೋರೇಡ್ ಖಾಲಿ ಡಿಸ್ಕಿನಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ! ಖಾಲಿ ಜಾಗ ಮುಗಿದ ಗಳಿಗೆಯಲ್ಲಿ ವೇಗವೂ ಮುಗಿಯುತ್ತದೆ. ಎಸ್‌ಎಸ್‌ಡಿಯನ್ನು ಅಂಚಿನವರೆಗೆ ತುಂಬಬೇಡಿ, ಶೇಕಡಾ ಹತ್ತು-ಇಪ್ಪತ್ತು ಖಾಲಿ ಬಿಡಿ ಎಂಬ ಸಲಹೆಯ ಹಿಂದಿರುವುದು ಇದು. ಈ ಸಲಹೆ ಮಾತ್ರ ನಂಬಲು ಯೋಗ್ಯ.

ಊಹೆ ಕೈಕೊಟ್ಟಾಗ

ತಾನಾಗಿ ಹೊಂದಿಕೊಳ್ಳುವ ವ್ಯವಸ್ಥೆ ಎಂದರೆ ತಪ್ಪು ಮಾಡದ ವ್ಯವಸ್ಥೆ ಎಂದಲ್ಲ. ವರ್ಷಕ್ಕೊಮ್ಮೆ ಮಾರ್ಚ್ ಕೊನೆಗೆ ತೆರೆಯುವ ಲೆಕ್ಕದ ದಾಖಲೆಗಳು ಉಳಿದ ಹನ್ನೊಂದು ತಿಂಗಳು ತಣ್ಣಗಿರುತ್ತವೆ. ಎಲ್ಲರಿಗೂ ಒಟ್ಟಿಗೆ ತುರ್ತಾಗಿ ಬೇಕಾದ ದಿನವೇ ಅವು ಅತ್ಯಂತ ನಿಧಾನದ ಜಾಗದಲ್ಲಿರುತ್ತವೆ. ವ್ಯವಸ್ಥೆಗೆ ಕ್ಯಾಲೆಂಡರ್ ಗೊತ್ತಿಲ್ಲ, ನಿನ್ನೆ ಮೊನ್ನೆ ಮಾತ್ರ ಗೊತ್ತು. ಅಟ್ಟದ ಬಾಣಲೆಯನ್ನು ಹಬ್ಬದ ಹಿಂದಿನ ದಿನವೇ ಇಳಿಸಿಡುವ ಬುದ್ಧಿ ಮನೆಯವರಿಗಿದೆ. ಆದ್ದರಿಂದ ದೊಡ್ಡ ವ್ಯವಸ್ಥೆಗಳಲ್ಲಿ 'ಇದನ್ನು ಕೆಳಗಿಳಿಸಬೇಡ' ಎಂದು ಮನುಷ್ಯರು ಹೇಳಲು ಅವಕಾಶ ಇರುವುದು ಒಳ್ಳೆಯದು.

ಇದಕ್ಕಿಂತ ಗಂಭೀರವಾದ ತೊಂದರೆ ಬರುವುದು ಒಂದರ ಮೇಲೊಂದು ಇರುವ ಎರಡು ಜಾಣ ವ್ಯವಸ್ಥೆಗಳಿಗೆ ಪರಸ್ಪರ ಪರಿಚಯ ಇಲ್ಲದಾಗ. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ, ಮನೆ ಮತ್ತು ಸಣ್ಣ ಕಚೇರಿಗಳ ಶೇಖರಣಾ ಪೆಟ್ಟಿಗೆಗಳಿಗೆಂದು ಮಾರುತ್ತಿದ್ದ ತನ್ನ ರೆಡ್ ಸರಣಿಯ 2ರಿಂದ 6 ಟೆರಾಬೈಟಿನ ಕೆಲವು ಡಿಸ್ಕುಗಳು ಹೆಂಚಿನ ಜೋಡಣೆಯವು ಎಂದು ಒಪ್ಪಿಕೊಂಡಿತು. ಮಂಗಳೂರು ಹೆಂಚಿನ ಮಾಡಿನಲ್ಲಿ ಒಂದರ ಅಂಚಿನ ಮೇಲೆ ಇನ್ನೊಂದು ಕೂರುವಂತೆ ಈ ಡಿಸ್ಕುಗಳಲ್ಲಿ ಬರೆಯುವ ಪಥಗಳು ಒಂದರ ಮೇಲೊಂದು ಸ್ವಲ್ಪ ಹತ್ತಿರುತ್ತವೆ. ಹೆಚ್ಚು ಮಾಹಿತಿ ಹಿಡಿಯುತ್ತದೆ. ಆದರೆ ನಡುವಿನ ಒಂದನ್ನು ಬದಲಿಸಲು ನಂತರದವನ್ನೂ ಎತ್ತಿ ಮತ್ತೆ ಹೊಂದಿಸಬೇಕು. ಡಿಸ್ಕ್ ಈ ಕಷ್ಟವನ್ನು ಮರೆಮಾಚಲು ಬಂದದ್ದನ್ನೆಲ್ಲ ಮೊದಲು ಒಂದು ಸಣ್ಣ ಸಾಮಾನ್ಯ ಪ್ರದೇಶದಲ್ಲಿ ಬರೆದುಕೊಂಡು, ಬಿಡುವಿನಲ್ಲಿ ಹೆಂಚಿನ ಪ್ರದೇಶಕ್ಕೆ ಸಾಗಿಸುತ್ತದೆ. ದಿನನಿತ್ಯದ ಬಳಕೆಯಲ್ಲಿ ಇದು ತಿಳಿಯುವುದೇ ಇಲ್ಲ. ಆದರೆ ಪೆಟ್ಟಿಗೆಯ ಒಂದು ಡಿಸ್ಕ್ ಕೆಟ್ಟು, ಹೊಸದನ್ನು ಹಾಕಿ, ಅದರ ಮೇಲೆ ಗಂಟೆಗಟ್ಟಲೆ ಬಿಡುವಿಲ್ಲದೆ ಮಾಹಿತಿ ತುಂಬುವಾಗ ಆ ಸಣ್ಣ ಪ್ರದೇಶ ತುಂಬಿಹೋಗುತ್ತದೆ. ಡಿಸ್ಕ್ ಉತ್ತರಿಸಲು ತಡಮಾಡುತ್ತದೆ. ಮೇಲಿನ ಜೆಡ್‌ಎಫ್‌ಎಸ್‌ನಂಥ ವ್ಯವಸ್ಥೆ ಇದೂ ಕೆಟ್ಟಿದೆ ಎಂದು ತಿಳಿದು ಹೊರಹಾಕುತ್ತದೆ. ಮಾಹಿತಿಗೆ ರಕ್ಷಣೆ ಅತ್ಯಂತ ಕಡಿಮೆ ಇರುವ ಗಳಿಗೆಯಲ್ಲೇ ಹೀಗಾಗುವುದು. ಬಳಕೆದಾರರ ಸಿಟ್ಟಿಗೆ ಮುಖ್ಯ ಕಾರಣ, ಡಿಸ್ಕ್ ಕೊಳ್ಳುವಾಗ ಈ ವಿಷಯ ಎಲ್ಲೂ ಬರೆದಿರಲಿಲ್ಲ ಎಂಬುದು. ಅದು ನ್ಯಾಯವಾದ ಸಿಟ್ಟೇ. ಆಮೇಲೆ ಕಂಪನಿ ಸಾಮಾನ್ಯ ಜೋಡಣೆಯವನ್ನು ರೆಡ್ ಪ್ಲಸ್ ಎಂಬ ಬೇರೆ ಹೆಸರಿನಲ್ಲಿ ವಿಂಗಡಿಸಿತು. ಇಂಥ ಪೆಟ್ಟಿಗೆಗೆ ಹಾರ್ಡ್ ಡಿಸ್ಕ್ ಕೊಳ್ಳುವವರು ಎಸ್‌ಎಂಆರ್ ಎಂದಿದ್ದರೆ ಬಿಟ್ಟು, ಸಿಎಂಆರ್ ಎಂದಿರುವುದನ್ನು ಕೇಳಿ ಪಡೆಯಬೇಕು.

ಆಪಲ್ 2012ರಲ್ಲಿ ತಂದ ಫ್ಯೂಷನ್ ಡ್ರೈವ್ ಇನ್ನೊಂದು ಪಾಠ. ಅದರಲ್ಲಿ 128 ಜಿಬಿ ಎಸ್‌ಎಸ್‌ಡಿ ಮತ್ತು 1 ಟಿಬಿ ಹಾರ್ಡ್ ಡಿಸ್ಕ್ ಸೇರಿ ಒಂದೇ ಡಿಸ್ಕಿನಂತೆ ಕಾಣುತ್ತಿದ್ದವು; ಹೆಚ್ಚು ಬಳಸುವುದು ತಾನಾಗಿ ಎಸ್‌ಎಸ್‌ಡಿಗೆ ಬರುತ್ತಿತ್ತು. ಎರಡು ಡಿಸ್ಕ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದರಲ್ಲಿ ಇರುತ್ತದೆ ಎಂದು ಅಂದುಕೊಂಡರೆ ಅದು ತಿರುವುಮುರುವು. ಮಾಹಿತಿ ನಕಲಾಗುವುದಿಲ್ಲ, ಸಾಗುತ್ತದೆ. ಅರ್ಧ ಅಲ್ಲಿ, ಅರ್ಧ ಇಲ್ಲಿ. ಎರಡರಲ್ಲಿ ಯಾವುದು ಕೆಟ್ಟರೂ ಎಲ್ಲವೂ ಹೋದಂತೆ. ಸ್ಥಳಾಂತರ ಮತ್ತು ಬ್ಯಾಕಪ್ ಬೇರೆ ಬೇರೆ. ಮೊದಲನೆಯದು ಎಷ್ಟು ಜಾಣತನದ್ದಾದರೂ ಎರಡನೆಯದರ ಕೆಲಸ ಮಾಡುವುದಿಲ್ಲ.

ಅಳಿಸಿದ್ದು ಅಳಿಯಿತೇ?

ಮಾಹಿತಿಯ ವಿಳಾಸ ನಮಗೆ ತಿಳಿಯದು ಎಂಬುದು ಹಳೆಯ ಲ್ಯಾಪ್‌ಟಾಪ್ ಮಾರುವಾಗ ನಿಜವಾಗಿ ಮುಖ್ಯವಾಗುತ್ತದೆ. ಆಧಾರ್ ಪ್ರತಿ, ಬ್ಯಾಂಕ್ ದಾಖಲೆಗಳಿದ್ದ ಫೈಲಿನ ಮೇಲೆ ಬೇರೇನನ್ನೋ ಹಲವು ಸಲ ಬರೆದರೆ ಹಳೆಯದು ಅಳಿದುಹೋಗುತ್ತದೆ ಎಂಬುದು ಹಾರ್ಡ್ ಡಿಸ್ಕಿನ ಕಾಲದ ತಿಳಿವಳಿಕೆ. ಎಸ್‌ಎಸ್‌ಡಿಯಲ್ಲಿ 'ಮೇಲೆ ಬರೆಯುವುದು' ಎಂಬುದೇ ಇಲ್ಲ ಎಂದು ಆಗಲೇ ನೋಡಿದೆವು. ಹೊಸದು ಬೇರೆಡೆ ಬರೆಯಲ್ಪಡುತ್ತದೆ, ಹಳೆಯದು ಗುಡಿಸುವವರೆಗೆ ಅಲ್ಲೇ ಇರುತ್ತದೆ. ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಎಸ್‌ಎಸ್‌ಡಿಗಳ ಚಿಪ್ಪುಗಳನ್ನೇ ನೇರವಾಗಿ ಓದಿ ಪರೀಕ್ಷಿಸಿದರು. ಒಂದೊಂದೇ ಫೈಲನ್ನು ಮೇಲೆ ಬರೆದು ಅಳಿಸುವ ವಿಧಾನಗಳಲ್ಲಿ ಒಂದೂ ಗೆಲ್ಲಲಿಲ್ಲ. ಫೈಲಿನ ಶೇಕಡಾ 4ರಿಂದ 75ರಷ್ಟು ಉಳಿದೇ ಇತ್ತು.

ಕೆಲಸಕ್ಕೆ ಬರುವ ದಾರಿ ಬೇರೆ. ಮೊದಲಿನಿಂದಲೇ ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿ ಇಟ್ಟರೆ ಚೂರುಗಳು ಎಲ್ಲಿ ಉಳಿದರೂ ಕೀಲಿಯಿಲ್ಲದೆ ಅವು ಬರೀ ಕಸ. ವಿಂಡೋಸಿನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಇದನ್ನು ಮಾಡುತ್ತವೆ. ಈಗಿನ ಫೋನುಗಳಲ್ಲಿ ಇದು ಬಂದಾಗಲೇ ಚಾಲೂ ಇರುತ್ತದೆ. ಫ್ಯಾಕ್ಟರಿ ರಿಸೆಟ್ ಕೊಟ್ಟಾಗ ಆಗುವ ಮುಖ್ಯ ಕೆಲಸ ಕೀಲಿಯನ್ನು ಹಾಳುಮಾಡುವುದೇ. ಗೂಢಲಿಪಿ ಇಲ್ಲದ ಹಳೆಯ ಎಸ್‌ಎಸ್‌ಡಿಯಾದರೆ ತಯಾರಕರು ಕೊಡುವ ತಂತ್ರಾಂಶದಲ್ಲಿ 'ಸೆಕ್ಯೂರ್ ಇರೇಸ್' ಎಂಬ ಆಯ್ಕೆ ಇರುತ್ತದೆ. ಅದು ಡಿಸ್ಕಿಗೇ ಆಜ್ಞೆ ಕೊಡುತ್ತದೆ, ಯಾಕೆಂದರೆ ಯಾವ ಚೂರು ಎಲ್ಲಿದೆ ಎಂದು ಗೊತ್ತಿರುವುದು ಡಿಸ್ಕಿಗೆ ಮಾತ್ರ. ಅದೇ 2011ರ ಪರೀಕ್ಷೆಯಲ್ಲಿ ಕೆಲವು ತಯಾರಕರ ಡಿಸ್ಕುಗಳು ಈ ಆಜ್ಞೆಯನ್ನೂ ಸರಿಯಾಗಿ ಪಾಲಿಸಿರಲಿಲ್ಲ. ಹಾಗಾಗಿ ನಿಜವಾಗಿಯೂ ಗುಟ್ಟಾಗಿರಬೇಕಾದ ಮಾಹಿತಿ ಇದ್ದ ಹಳೆಯ ಡಿಸ್ಕಾದರೆ ಅದನ್ನು ತೆಗೆದಿಟ್ಟುಕೊಂಡು ಲ್ಯಾಪ್‌ಟಾಪನ್ನು ಮಾತ್ರ ಮಾರುವುದು ಒಳ್ಳೆಯದು. ಕೆಲವು ನೂರು ರೂಪಾಯಿ ಕಡಿಮೆ ಸಿಗಬಹುದು.